ಮನೆ ಮತ್ತು ಆರೋಗ್ಯ: ನೆರಳು ನುಡಿಯುವ ಸಾಕ್ಷಿ

ಆಸ್ಪತ್ರೆಯ ಹೊರಾಂಗಣದ ಬೆಂಚಿನ ಮೇಲೆ ದೊಡ್ಡದೊಂದು ಲಕೋಟೆಯನ್ನು ತೊಡೆಯ ಮೇಲಿರಿಸಿಕೊಂಡು ಕುಳಿತವರನ್ನು ನಾವೆಲ್ಲರೂ ಕಂಡಿದ್ದೇವೆ. ಅದರೊಳಗೆ ಕಪ್ಪು ಹಾಳೆಯ ಮೇಲೆ ಮೂಡಿದ ಬೂದು ಬಿಳಿಯ ಚಿತ್ರಗಳು. ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಒಂದೆರಡು ಪುಟಗಳ ವರದಿ. ಅಷ್ಟಿಷ್ಟು ಓದಿಕೊಂಡ ಬಂಧುವೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ವರದಿಯ ಒಂದೆರಡು ಪದಗಳನ್ನಷ್ಟೇ ಹಿಡಿದು, "ತಲೆಯಲ್ಲಿ ಗಡ್ಡೆ ಇದೆಯಂತೆ" ಎಂದುಬಿಡುತ್ತಾರೆ. ಅಷ್ಟು ಸಾಕು. ವೈದ್ಯರ ಕೋಣೆಯ ಬಾಗಿಲು ತೆರೆಯುವ ಮುನ್ನವೇ ಆ ಕುಟುಂಬದ ಪಾಲಿಗೆ ತೀರ್ಪು ಹೊರಬಿದ್ದಿರುತ್ತದೆ.

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹನ್ನೆರಡು ವರ್ಷದ ಹುಡುಗ. ಆಟಪಾಠಗಳಲ್ಲಿ ಚುರುಕಾಗಿದ್ದವನು. ಒಂದು ದಿನ ತರಗತಿಯಲ್ಲಿ ಕುಳಿತಿದ್ದಂತೆಯೇ ಅವನ ಬಲಗೈ ಅದುರತೊಡಗಿತು. ಬಳಿಕ ಇಡೀ ದೇಹ ಸೆಟೆದು, ಬಾಯಲ್ಲಿ ನೊರೆ ಬಂದು, ಪ್ರಜ್ಞೆ ತಪ್ಪಿತು. ಜಿಲ್ಲಾ ಕೇಂದ್ರದಲ್ಲಿ ತಲೆಯ ಸಿ.ಟಿ. ಸ್ಕ್ಯಾನ್ ಆಯಿತು. ಮಿದುಳಿನ ಎಡಭಾಗದಲ್ಲಿ ಕಡಲೆಕಾಳಿನಷ್ಟು ಗಾತ್ರದ, ಉಂಗುರದಂತೆ ಹೊಳೆಯುವ ಮಚ್ಚೆಯೊಂದು ಕಂಡಿತು. ತಾಯಿ ವೈದ್ಯರನ್ನು ಕೇಳಿದ ಮೊದಲ ಪ್ರಶ್ನೆ ಇದು: "ಡಾಕ್ಟರೇ, ಇನ್ನೆಷ್ಟು ದಿನ ನಮ್ಮ ಮಗು?"

ಈ ಪ್ರಶ್ನೆಯನ್ನು ಕೇಳುವ ಮನೆಗಳು ನಮ್ಮ ನಾಡಿನಲ್ಲಿ ಹಲವು. ಆ ತಾಯಿಗೆ ವೈದ್ಯರು ಕೊಟ್ಟ ಉತ್ತರವನ್ನು ಲೇಖನದ ಕೊನೆಯಲ್ಲಿ ಹೇಳೋಣ. ಅದಕ್ಕೂ ಮುನ್ನ, ದೇಹದೊಳಗಿನ ಈ ಚಿತ್ರಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ತಿಳಿದುಕೊಳ್ಳುವುದು ಒಳಿತು. ಒಂದೇ ಮಾತಿನಲ್ಲಿ ಹೇಳುವುದಾದರೆ, ಚಿತ್ರವು ಒಬ್ಬ ಸಾಕ್ಷಿ. ಒಳ್ಳೆಯ ಸಾಕ್ಷಿ, ಬಹಳಷ್ಟು ಬಾರಿ ಎಲ್ಲರಿಗಿಂತ ಮುಖ್ಯವಾದ ಸಾಕ್ಷಿ. ಆದರೆ ತೀರ್ಪು ನೀಡುವ ಅಧಿಕಾರ ಸಾಕ್ಷಿಗಿಲ್ಲ.

ನೆರಳಿನಿಂದ ಪದರದವರೆಗೆ

ಜೀವಂತ ಮನುಷ್ಯನ ದೇಹವನ್ನು ಕೊಯ್ಯದೆ ಅದರ ಒಳಗನ್ನು ಕಾಣುವುದು 1895ರವರೆಗೆ ಅಸಾಧ್ಯವೆನಿಸಿತ್ತು. ಆ ವರ್ಷದ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬರ್ಗ್ ನಗರದ ಭೌತವಿಜ್ಞಾನಿ ವಿಲ್ಹೆಲ್ಮ್ ರಾಂಟ್ಜೆನ್ ತಮ್ಮ ಕತ್ತಲೆಯ ಪ್ರಯೋಗಶಾಲೆಯಲ್ಲಿ ಅಪರಿಚಿತ ಕಿರಣವೊಂದನ್ನು ಗುರುತಿಸಿದರು. ಅದರ ಸ್ವರೂಪ ತಿಳಿಯದ ಕಾರಣ ಅದಕ್ಕೆ 'ಎಕ್ಸ್' ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು 'ಕ್ಷಕಿರಣ'ವಾಯಿತು. ಡಿಸೆಂಬರ್ 22ರಂದು ಅವರು ತೆಗೆದ ಪತ್ನಿಯ ಕೈಯ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಮೂಳೆಯ ಸುತ್ತ ತೇಲುವಂತೆ ತೋರುವ ಉಂಗುರವೂ ಸ್ಪಷ್ಟವಾಗಿ ಮೂಡಿದ್ದವು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಆದರೆ ಎಕ್ಸ್‌ರೇ ಚಿತ್ರವೆಂಬುದು ಒಂದು ನೆರಳು. ದೀಪದ ಮುಂದೆ ಎರಡು ಕೈಗಳನ್ನು ಒಂದರ ಹಿಂದೊಂದು ಹಿಡಿದರೆ ಗೋಡೆಯ ಮೇಲೆ ಒಂದೇ ನೆರಳು ಬೀಳುವಂತೆ, ದೇಹದ ಮುಂದಿನ ಭಾಗವೂ ಹಿಂದಿನ ಭಾಗವೂ ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮೂಳೆ ಚೆನ್ನಾಗಿ ಕಾಣುತ್ತದೆ. ಮೂಳೆಯ ಪೆಟ್ಟಿಗೆಯೊಳಗಿರುವ ಮೃದುವಾದ ಮಿದುಳು ಕಾಣುವುದೇ ಇಲ್ಲ. ಆದ್ದರಿಂದ ಮಿದುಳಿನ ಗಂತಿಯನ್ನು ಹುಡುಕಲು ಹಿಂದಿನವರು ಕಠಿಣವಾದ ದಾರಿ ಹಿಡಿಯಬೇಕಾಯಿತು. ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1919ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಬೆನ್ನಿಗೆ ಸೂಜಿ ಚುಚ್ಚಿ ಮಿದುಳುಬಳ್ಳಿಯ ಸುತ್ತಲಿನ ದ್ರವವನ್ನು ಹೊರತೆಗೆದು ಅಲ್ಲಿಗೆ ಗಾಳಿಯನ್ನು ತುಂಬಲಾಗುತ್ತಿತ್ತು. ಆ ಗಾಳಿ ಮೇಲೇರಿ ಮಿದುಳಿನ ಕುಹರಗಳನ್ನು ಸೇರಿದಾಗ ಅವುಗಳ ಆಕಾರ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು. ಕುಹರವು ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಗಂತಿ ಇರಬಹುದೆಂಬ ಊಹೆ. ರೋಗಿಗೆ ದಿನಗಟ್ಟಲೆ ಅಸಹನೀಯ ತಲೆನೋವು, ವಾಂತಿ. ಆದರೂ ಹಲವು ದಶಕಗಳ ಕಾಲ ವೈದ್ಯಲೋಕ ಈ ಮಾರ್ಗವನ್ನು ಬಳಸಬೇಕಾಯಿತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಆ ಸ್ಥಿತಿ ಬದಲಾಯಿತು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಸಂಸ್ಥೆಯ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ, ಮಿದುಳಿನ ಮುಂಭಾಗದಲ್ಲಿ ಗಂತಿಯಿರಬಹುದೆಂಬ ಶಂಕೆಯಿದ್ದ ಮಹಿಳೆಯೊಬ್ಬರನ್ನು ಮಲಗಿಸಲಾಯಿತು. ಯಂತ್ರವು ತಲೆಯ ಸುತ್ತ ಹಂತಹಂತವಾಗಿ ತಿರುಗುತ್ತ ನಾನಾ ಕೋನಗಳಿಂದ ಕಿರಣಗಳನ್ನು ಹಾಯಿಸಿತು. ಆ ಅಂಕಿಗಳನ್ನು ಬೇರೆಡೆಯಿದ್ದ ಗಣಕಯಂತ್ರಕ್ಕೆ ಒಯ್ದು ಲೆಕ್ಕ ಹಾಕಿಸಬೇಕಾಗಿತ್ತು. ಚಿತ್ರ ಬಂದಾಗ ಗಂತಿಯಿದ್ದ ಜಾಗ ಅದರಲ್ಲಿ ನೇರವಾಗಿಯೇ ಕಾಣುತ್ತಿತ್ತು. ಶಸ್ತ್ರವೈದ್ಯರು ಅಲ್ಲಿಯೇ ಅದನ್ನು ಕಂಡರು. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಒಂದೊಂದು ಬಿಲ್ಲೆಯನ್ನೂ ನೋಡಿದಂತೆ, ದೇಹವನ್ನು ಕತ್ತರಿಸದೆಯೇ ಪದರಪದರವಾಗಿ ನೋಡುವ ವಿದ್ಯೆ ಇದು. ಇದಕ್ಕೆ ಬೇಕಾದ ಗಣಿತವನ್ನು ಮೊದಲೇ ರೂಪಿಸಿದ್ದ ಆಲನ್ ಕಾರ್ಮ್ಯಾಕ್ ಅವರಿಗೂ ಹೌನ್ಸ್‌ಫೀಲ್ಡ್ ಅವರಿಗೂ 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು.

ಮುಂದಿನ ಹೆಜ್ಜೆ ಎಂ.ಆರ್.ಐ. ಇದರಲ್ಲಿ ಎಕ್ಸ್‌ರೇಯ ಬಳಕೆಯೇ ಇಲ್ಲ. ನಮ್ಮ ದೇಹದ ಬಹುಭಾಗ ನೀರು, ನೀರಿನಲ್ಲಿ ಜಲಜನಕವಿದೆ. ಪ್ರಬಲವಾದ ಅಯಸ್ಕಾಂತದೊಳಗೆ ಮಲಗಿಸಿ ರೇಡಿಯೋ ತರಂಗಗಳಿಂದ ತಟ್ಟಿದಾಗ ಆ ಜಲಜನಕದ ಬೀಜಗಳು ಮರುದನಿ ಕೊಡುತ್ತವೆ. ಒಂದೊಂದು ಬಗೆಯ ಅಂಗಾಂಶದ ಮರುದನಿ ಒಂದೊಂದು ಬಗೆ. ಅದನ್ನು ಚಿತ್ರವಾಗಿಸುವ ಕ್ರಮವನ್ನು ಪಾಲ್ ಲಾಟರ್ಬರ್ 1973ರಲ್ಲಿ ಪ್ರಕಟಿಸಿದರು. ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರೊಡನೆ 2003ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮಿದುಳು, ಬೆನ್ನುಹುರಿ, ಕೀಲು, ಸ್ನಾಯು ಮೊದಲಾದ ಮೃದು ಭಾಗಗಳನ್ನು ನೋಡಲು ಇದಕ್ಕೆ ಸಾಟಿಯಾದುದು ವಿರಳ.

ಒಂದೇ ಉಂಗುರ, ಹಲವು ಅರ್ಥ

ಇಷ್ಟು ಬಲಶಾಲಿಯಾದ ಕಣ್ಣು ದೊರೆತ ಮೇಲೆ ಸಂದೇಹಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ನಮ್ಮ ದೇಶದ ಅನುಭವವೇ ಅದಕ್ಕೆ ಉತ್ತರ ಹೇಳುತ್ತದೆ.

ಭಾರತದಲ್ಲಿ ಸಿ.ಟಿ. ಯಂತ್ರಗಳು ಬಳಕೆಗೆ ಬಂದ ಮೇಲೆ, 1980ರ ದಶಕದಲ್ಲಿ, ಫಿಟ್ಸ್ ಬಂದ ಅನೇಕ ಮಕ್ಕಳ ಮತ್ತು ತರುಣರ ಮಿದುಳಿನಲ್ಲಿ ಒಂದೇ ಒಂದು ಸಣ್ಣ ಉಂಗುರದಂತಹ ಮಚ್ಚೆ ಕಾಣತೊಡಗಿತು. ಗಂತಿಯೂ ಹಾಗೆ ಕಾಣಬಲ್ಲದು, ಕ್ಷಯದ ಗಂಟೂ ಹಾಗೆ ಕಾಣಬಲ್ಲದು, ಕೀವಿನ ಕುರುವೂ ಹಾಗೆಯೇ. ನಮ್ಮಲ್ಲಿ ಕ್ಷಯರೋಗ ಹೆಚ್ಚಾದುದರಿಂದ ಹಲವರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡಲಾಯಿತು. ಕೆಲವರು ಶಸ್ತ್ರಚಿಕಿತ್ಸೆಗೂ ಒಳಗಾದರು. ಆದರೆ ವಿಚಿತ್ರವೆಂದರೆ, ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿದಾಗ ಎಷ್ಟೋ ಜನರಲ್ಲಿ ಆ ಮಚ್ಚೆಯೇ ಮಾಯವಾಗಿತ್ತು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನು ತಾಳ್ಮೆಯಿಂದ ಪರಿಶೀಲಿಸಿದರು. ಇಂತಹ ಮಚ್ಚೆಗಳ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಕಂಡದ್ದು ಬಹುಮಟ್ಟಿಗೆ ಗಂತಿಯೂ ಅಲ್ಲ, ಕ್ಷಯವೂ ಅಲ್ಲ. ಸಾಯುತ್ತಿರುವ ಲಾಡಿಹುಳುವಿನ ಮರಿಕೋಶ. ಎಂ. ಜೆ. ಚಾಂಡಿ, ವಿ. ರಾಜಶೇಖರ್ ಮತ್ತು ಅವರ ಸಂಗಡಿಗರು 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ವೈದ್ಯರಿಗೆ ಕೆಲವು ಅಳತೆಗೋಲುಗಳು ದೊರೆತವು. ಮಚ್ಚೆ ಒಂದೇ ಆಗಿದ್ದು, 20 ಮಿಲಿಮೀಟರಿಗಿಂತ ಚಿಕ್ಕದಾಗಿ, ಅಂಚು ನಯವಾಗಿದ್ದು, ಮಿದುಳನ್ನು ಪಕ್ಕಕ್ಕೆ ತಳ್ಳದೆ ಇದ್ದರೆ, ರೋಗಿಗೆ ಬೇರೆ ನರದೌರ್ಬಲ್ಯ ಹೆಚ್ಚುತ್ತ ಹೋಗದಿದ್ದರೆ, ದೇಹದಲ್ಲಿ ಬೇರೆಡೆ ಕ್ಷಯವಾಗಲಿ ಅರ್ಬುದವಾಗಲಿ ಇಲ್ಲದಿದ್ದರೆ, ಅದು ಹುಳುವಿನ ಕೋಶವಾಗಿರುವ ಸಂಭವ ಹೆಚ್ಚು. ಎಂ.ಆರ್.ಐ.ಯಲ್ಲಿ ಕೋಶದೊಳಗೆ ಹುಳುವಿನ ತಲೆಯು ಒಂದು ಚುಕ್ಕೆಯಾಗಿ ಕಂಡರಂತೂ ಸಂದೇಹವೇ ಉಳಿಯುವುದಿಲ್ಲ. ಈ ಅಳತೆಗೋಲುಗಳಲ್ಲಿ ಅರ್ಧ ಚಿತ್ರದಿಂದ ಬಂದವು, ಉಳಿದರ್ಧ ರೋಗಿಯನ್ನು ಮುಟ್ಟಿ ಮಾತನಾಡಿಸಿ ತಿಳಿದವು ಎಂಬುದನ್ನು ಗಮನಿಸಬೇಕು.

ಇಲ್ಲಿ ನಮ್ಮ ಓದುಗರಲ್ಲಿ ಅನೇಕರು ಒಂದು ಆಕ್ಷೇಪವನ್ನು ಎತ್ತುವುದು ಸಹಜ: "ಇದು ಹಂದಿಮಾಂಸದಿಂದ ಬರುವ ಹುಳುವಲ್ಲವೇ? ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಂಸವನ್ನೇ ಮುಟ್ಟಿಲ್ಲವಲ್ಲ!" ಚೆನ್ನಾಗಿ ಬೇಯದ ಹಂದಿಮಾಂಸ ತಿಂದವನ ಕರುಳಿನಲ್ಲಿ ಬೆಳೆಯುವುದು ಉದ್ದನೆಯ ಲಾಡಿಹುಳು. ಮಿದುಳಿಗೆ ಹೋಗುವುದು ಆ ಹುಳುವಿನ ಮೊಟ್ಟೆಯಿಂದ ಹೊರಬಂದ ಮರಿ. ಮೊಟ್ಟೆಗಳು ಹುಳುವಿರುವ ಮನುಷ್ಯನ ಮಲದ ಮೂಲಕ ಹೊರಬೀಳುತ್ತವೆ. ಬಯಲು ಶೌಚದ ಮಣ್ಣು, ಕೊಳಚೆ ನೀರು ಹಾಯಿಸಿದ ತೋಟದ ಕೊತ್ತಂಬರಿ, ಮೂಲಂಗಿ, ಶೌಚದ ಬಳಿಕ ಸೋಪು ಮುಟ್ಟದ ಕೈ, ಇವುಗಳಿಂದ ಅದು ಯಾರ ಹೊಟ್ಟೆಯನ್ನಾದರೂ ಸೇರಬಹುದು. ಆದ್ದರಿಂದ ಶುದ್ಧ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಊಟದ ನಿಯಮ ಎಷ್ಟು ಕಟ್ಟುನಿಟ್ಟಾಗಿದ್ದರೂ ಹಸಿ ಸೊಪ್ಪು ತರಕಾರಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಆ ನಿಯಮ ನಮ್ಮನ್ನು ಕಾಯಲಾರದು. ಇನ್ನೊಂದು ಎಚ್ಚರಿಕೆ: ಮಿದುಳಿನಲ್ಲಿ ಹುಳುವಿದೆಯೆಂದು ಕೇಳಿದೊಡನೆ ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ನುಂಗಿಸಬಾರದು. ಹುಳು ಒಮ್ಮೆಲೇ ಸತ್ತು ಮಿದುಳು ಊದಿಕೊಂಡರೆ ಪ್ರಾಣಾಪಾಯವಾದೀತು. ಔಷಧಿ ಬೇಕೇ, ಬೇಡವೇ, ಯಾವಾಗ ಎಂಬುದು ವೈದ್ಯರ ನಿರ್ಧಾರವಾಗಿರಬೇಕು.

ಗಂತಿಯ ವಿಚಾರದಲ್ಲಿ

ಗಂತಿ ಇದ್ದೇ ಇದೆಯೆನ್ನೋಣ. ಅದು ಎಲ್ಲಿದೆ, ಎಷ್ಟು ದೊಡ್ಡದು, ಸುತ್ತಲಿನ ರಕ್ತನಾಳವನ್ನು ಅಪ್ಪಿಕೊಂಡಿದೆಯೇ, ಬೇರೆಡೆಗೆ ಹರಡಿದೆಯೇ ಎಂಬುದನ್ನು ಚಿತ್ರ ಹೇಳುತ್ತದೆ. ಶಸ್ತ್ರವೈದ್ಯರಿಗೆ ಇದು ಅಮೂಲ್ಯ. ಆದರೆ ಅದು ಅರ್ಬುದವೇ, ಆಗಿದ್ದರೆ ಯಾವ ಜಾತಿಯದು ಎಂಬುದನ್ನು ಹೇಳಬೇಕಾದವರು ಬಹುಪಾಲು ಸಂದರ್ಭಗಳಲ್ಲಿ ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ತಜ್ಞರು. "ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತದೆ, ಮುಟ್ಟಬೇಡಿ" ಎಂಬ ಹಳೆಯ ಭಯದಿಂದ ಬಯಾಪ್ಸಿಯನ್ನು ತಿಂಗಳುಗಟ್ಟಲೆ ಮುಂದೂಡಿ, ಗುಣವಾಗಬಹುದಾಗಿದ್ದ ರೋಗವನ್ನು ಗುಣವಾಗದ ಹಂತಕ್ಕೆ ಒಯ್ದ ಕುಟುಂಬಗಳಿವೆ. ತಜ್ಞರು ಮಾಡಬೇಕೆಂದಾಗ ಮಾಡಿಸುವುದೇ ವಿವೇಕ.

ಪೆಟ್ ಸ್ಕ್ಯಾನ್ ಎಂಬ ಇನ್ನೊಂದು ಪರೀಕ್ಷೆಯ ಹೆಸರನ್ನು ಇತ್ತೀಚಿನ ವರ್ಷಗಳಲ್ಲಿ ಎಲ್ಲರೂ ಕೇಳುತ್ತಿದ್ದೇವೆ. ಅಲ್ಪ ಪ್ರಮಾಣದ ವಿಕಿರಣಶೀಲ ಗ್ಲೂಕೋಸನ್ನು ರಕ್ತಕ್ಕೆ ಸೇರಿಸಿದರೆ, ಸಕ್ಕರೆಯನ್ನು ಹೆಚ್ಚಾಗಿ ಕಬಳಿಸುವ ಜೀವಕೋಶಗಳು ಚಿತ್ರದಲ್ಲಿ ಬೆಳಗುತ್ತವೆ. ಅರ್ಬುದದ ಕೋಶಗಳು ಸಾಮಾನ್ಯವಾಗಿ ಹೊಟ್ಟೆಬಾಕಗಳು. ಆದ್ದರಿಂದ ರೋಗ ಎಲ್ಲೆಲ್ಲಿ ಹರಡಿದೆಯೆಂದು ತಿಳಿಯಲು ಇದು ಬಹಳ ಉಪಯುಕ್ತ. ಆದರೆ ಕ್ಷಯದಿಂದ ಊದಿದ ಗ್ರಂಥಿಯೂ ಹಾಗೆಯೇ ಬೆಳಗುತ್ತದೆ. ಬೆಳಗಿದ್ದೆಲ್ಲ ಅರ್ಬುದವೆಂದು ಭಾವಿಸುವುದು ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ದೊಡ್ಡ ತಪ್ಪಿಗೆ ದಾರಿಯಾದೀತು.

ಕೆಲವು ವಿರಳ ಗಂತಿಗಳ ವಿಷಯದಲ್ಲಿ ಪರೀಕ್ಷೆಗಳ ಅನುಕ್ರಮವೇ ಜೀವ ಉಳಿಸುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೊಸೈಟೋಮ ಎಂಬ ಗಂತಿ ಅಪರೂಪವಾಗಿ ಬೆಳೆಯುತ್ತದೆ. ಇದ್ದಕ್ಕಿದ್ದಂತೆ ತಲೆಸಿಡಿತ, ಬೆವರು, ಎದೆಬಡಿತ, ಗಗನಕ್ಕೇರುವ ರಕ್ತದೊತ್ತಡ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಇಳಿಯುತ್ತದೆ. ಮನೆಯವರು ಅದನ್ನು ಮನಸ್ಸಿನ ಕಳವಳವೆಂದೇ ತಿಳಿದಿರುತ್ತಾರೆ. ಇಂತಹ ಲಕ್ಷಣಗಳಿದ್ದಾಗ ಮೊದಲು ರಕ್ತ ಅಥವಾ ಮೂತ್ರದಲ್ಲಿ ಆ ಗ್ರಂಥಿಯ ರಸದ ಅಂಶವನ್ನು ಅಳೆಯಬೇಕು. ಅದು ಹೆಚ್ಚಿದ್ದರೆ ಮಾತ್ರ ಗಂತಿ ಎಲ್ಲಿದೆಯೆಂದು ಸ್ಕ್ಯಾನಿನಲ್ಲಿ ಹುಡುಕಬೇಕು. ಚಿತ್ರದಲ್ಲಿ ಗಂತಿ ಕಂಡೊಡನೆ ರಕ್ತಪರೀಕ್ಷೆಯಿಲ್ಲದೆ ಸೂಜಿ ಚುಚ್ಚಿದರೆ ರಕ್ತದೊತ್ತಡ ಒಮ್ಮೆಲೇ ಏರಿ ರೋಗಿ ಅಪಾಯಕ್ಕೆ ಸಿಲುಕಬಹುದು. ಇಲ್ಲಿ ಪ್ರಶ್ನೆ ಮೊದಲು, ಚಿತ್ರ ಆಮೇಲೆ.

ಅಪರೂಪದ ರೋಗಗಳು: ಹಂದಿಗೋಡಿನ ಪಾಠ

ವೈದ್ಯವಿಜ್ಞಾನಕ್ಕೆ ತಿಳಿದ ವಿರಳ ರೋಗಗಳು ಸಾವಿರಾರು. ಒಬ್ಬ ವೈದ್ಯ ತನ್ನ ಇಡೀ ವೃತ್ತಿಜೀವನದಲ್ಲಿ ಅವುಗಳಲ್ಲಿ ಬಹುಪಾಲನ್ನು ಒಮ್ಮೆಯೂ ಕಾಣದಿರಬಹುದು. ಇಂತಹ ಕಡೆ ಚಿತ್ರವು ಹಿಡಿಯುವ ದೀಪ ಬಹಳ ದೊಡ್ಡದು. ಇದಕ್ಕೆ ನಮ್ಮ ಮಲೆನಾಡಿನಲ್ಲಿಯೇ ಮನಮುಟ್ಟುವ ನಿದರ್ಶನವಿದೆ.

1970ರ ದಶಕದ ನಡುಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ವಿಚಿತ್ರವಾದ ಕಾಯಿಲೆಯೊಂದು ಹೊರಜಗತ್ತಿನ ಗಮನಕ್ಕೆ ಬಂದಿತು. ಬಡ ಕೃಷಿಕೂಲಿ ಕುಟುಂಬಗಳ ಮಕ್ಕಳಿಗೆ, ತರುಣರಿಗೆ ಸೊಂಟದ ಕೀಲುಗಳಲ್ಲಿ ಮತ್ತು ಮೊಣಕಾಲುಗಳಲ್ಲಿ ನೋವು. ವರ್ಷಗಳುರುಳಿದಂತೆ ನಡಿಗೆ ಕುಂಟುತ್ತ, ಬಾಗುತ್ತ, ಕೆಲವರಂತೂ ನೆಲದ ಮೇಲೆ ತೆವಳುವ ಸ್ಥಿತಿ. ಕೆಲವರು ಎತ್ತರದಲ್ಲಿಯೂ ಕುಗ್ಗಿದ್ದರು. ಗದ್ದೆಗಳಿಗೆ ಕೀಟನಾಶಕ ಹೊಸದಾಗಿ ಬಂದ ಕಾಲ ಅದು. ವಿಷ ಸೇರಿದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂಬ ಸಂಶಯ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳೂ ಬಂದು ಅಧ್ಯಯನ ನಡೆಸಿದರು.

ಬಳಿಕ ರೋಗಿಗಳ ಮತ್ತು ಅವರ ಬಂಧುಗಳ ಸೊಂಟ, ಬೆನ್ನೆಲುಬು, ಕೈಕಾಲುಗಳ ಎಕ್ಸ್‌ರೇಗಳನ್ನು ತಲೆಮಾರುಗಳ ವಂಶವೃಕ್ಷದೊಡನೆ ಸೇರಿಸಿ ನೋಡಿದಾಗ ಬೇರೆಯೇ ಕಥೆ ಹೊರಬಂದಿತು. ಬೆನ್ನಿನ ಮಣಿಗಳು ಚಪ್ಪಟೆಯಾಗಿದ್ದವು. ಉದ್ದನೆಯ ಮೂಳೆಗಳ ತುದಿಗಳು, ಅಂದರೆ ಬೆಳೆಯುವ ಭಾಗಗಳು, ಸರಿಯಾಗಿ ರೂಪುಗೊಂಡಿರಲಿಲ್ಲ. ಆ ಕಾರಣದಿಂದಲೇ ಸೊಂಟದ ಕೀಲು ಎಳೆಯ ವಯಸ್ಸಿನಲ್ಲಿ ಸವೆದುಹೋಗುತ್ತಿತ್ತು. ವಿಷದ ಏಟು ಒಂದೇ ಕಾಲದಲ್ಲಿ ಊರಿನ ಎಲ್ಲರಿಗೂ ತಗಲಬೇಕಾಗಿತ್ತು. ಇದು ಕೆಲವೇ ಕುಟುಂಬಗಳಲ್ಲಿ ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿದುಬರುತ್ತಿತ್ತು. 1990ರ ದಶಕದ ವರದಿಗಳು ಇದನ್ನು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ದೋಷವೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧದಷ್ಟೆಂದೂ ತಿಳಿಸಿದವು. ಅದು 'ಹಂದಿಗೋಡು ರೋಗ'ವೆಂದೇ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ.

ಚಿತ್ರವು ಆ ಜನರ ನೋವನ್ನು ತೆಗೆಯಲಿಲ್ಲ. ಮೂಲದೋಷವನ್ನು ನಿವಾರಿಸುವ ಔಷಧಿ ಇಂದಿಗೂ ಇಲ್ಲ. ಆದರೆ ರೋಗದ ಬೇರು ಎಲ್ಲಿದೆಯೆಂದು ಅದು ತೋರಿಸಿತು. ಯಾರಿಗೆ ಕೀಲಿನ ಶಸ್ತ್ರಚಿಕಿತ್ಸೆ ಉಪಯೋಗವಾದೀತು, ಯಾವ ಮಗುವನ್ನು ಮೊದಲೇ ಗಮನಿಸುತ್ತಿರಬೇಕು ಎಂದು ಆಲೋಚಿಸಲು ನೆಲೆ ದೊರಕಿತು. ದಶಕಗಳಿಂದ ನರಳಿದ ಜನರಿಗೆ ನಮ್ಮ ಸಮಾಜ ಸಲ್ಲಿಸಬೇಕಾದ ಋಣ ಇನ್ನೂ ಉಳಿದಿದೆ ಎಂಬ ಮಾತನ್ನೂ ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ತಾಮ್ರದ ರೋಗ

ಹಂದಿಗೋಡು ರೋಗಕ್ಕೆ ಔಷಧಿಯಿಲ್ಲ. ಆದರೆ ಔಷಧಿಯಿರುವ ವಿರಳ ರೋಗವೊಂದಿದೆ. ಅದನ್ನು ಗುರುತಿಸದೆ ಹೋದರೆ ಆಗುವ ನಷ್ಟ ಇನ್ನೂ ದೊಡ್ಡದು. 1912ರಲ್ಲಿ ಲಂಡನ್ನಿನ ನರರೋಗತಜ್ಞ ಕಿನಿಯರ್ ವಿಲ್ಸನ್ ವರ್ಣಿಸಿದ ಈ ರೋಗಕ್ಕೆ ಅವರದೇ ಹೆಸರು. ಆಹಾರದಲ್ಲಿ ಬರುವ ತಾಮ್ರದಲ್ಲಿ ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕಬೇಕು. ವಿಲ್ಸನ್ ರೋಗದಲ್ಲಿ ಆ ಬಾಗಿಲು ಹುಟ್ಟಿನಿಂದಲೇ ಮುಚ್ಚಿರುತ್ತದೆ. ತಾಮ್ರ ಮೊದಲು ಯಕೃತ್ತಿನಲ್ಲಿ, ಬಳಿಕ ಮಿದುಳಿನಲ್ಲಿ, ಕಣ್ಣಿನಲ್ಲಿ ಶೇಖರಗೊಳ್ಳುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ರೋಗವಿದು.

ಇದರ ಆರಂಭ ಮೋಸಗೊಳಿಸುವಂಥದು. ಮುತ್ತಿನಂತಿದ್ದ ಕೈಬರಹ ಕೆಡುತ್ತದೆ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ಹುಡುಗಿ ಕಾರಣವಿಲ್ಲದೆ ನಗುತ್ತಾಳೆ, ಸಿಟ್ಟಾಗುತ್ತಾಳೆ. ಶಾಲೆಯಲ್ಲಿ ಸೋಮಾರಿಯೆಂದು ಬೈಗುಳ, ಮನೆಯಲ್ಲಿ ಹಠಮಾರಿಯೆಂದು ಪೆಟ್ಟು; ಅದೂ ತೀರಿದ ಮೇಲೆ ಗಾಳಿ ಸೋಂಕಿದೆಯೆಂದು ತಾಯಿತ. ಹೀಗೆ ಕಳೆಯುವ ಒಂದೊಂದು ತಿಂಗಳಲ್ಲಿಯೂ ಮಿದುಳು ಸ್ವಲ್ಪ ಸ್ವಲ್ಪವಾಗಿ ಹಾಳಾಗುತ್ತಿರುತ್ತದೆ.

ಇಂತಹ ಮಕ್ಕಳ ಎಂ.ಆರ್.ಐ.ಯಲ್ಲಿ ಮಿದುಳಿನ ಆಳದ ಗಂಟುಗಳು ಎಡಬಲ ಎರಡೂ ಕಡೆ ಸಮನಾಗಿ ಬಣ್ಣಗೆಟ್ಟಿರುವುದು ಕಾಣುತ್ತದೆ. ಕೆಲವರಲ್ಲಿ ನಡುಮಿದುಳಿನ ಪದರವು ಚೀನಾ ದೇಶದ ಪಾಂಡಾ ಕರಡಿಯ ಮುಖದಂತೆ ತೋರುತ್ತದೆ. ಒಮ್ಮೆ ಕಂಡವರು ಮರೆಯಲಾಗದ ಗುರುತು ಅದು. ಆದರೆ ಆ ಮುಖ ಎಲ್ಲ ರೋಗಿಗಳಲ್ಲಿಯೂ ಕಾಣುವುದಿಲ್ಲ. ಕಾಣದಿದ್ದರೆ ರೋಗವಿಲ್ಲವೆಂದೂ ಅರ್ಥವಲ್ಲ. ಚಿತ್ರ ಸಂದೇಹವನ್ನು ಹುಟ್ಟಿಸುತ್ತದೆ; ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಗಳ ಮೂತ್ರದಲ್ಲಿರುವ ತಾಮ್ರದ ಅಳತೆ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದುಹಸಿರು ಬಳೆಯ ಪರೀಕ್ಷೆ, ಇವು ಆ ಸಂದೇಹವನ್ನು ದೃಢಪಡಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಈ ರೋಗದಲ್ಲಿ ದೀರ್ಘಕಾಲದ ಅನುಭವವಿದೆ. ಮೂರು ದಶಕಗಳಲ್ಲಿ ತಾವು ಕಂಡ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು.

ಚಿಕಿತ್ಸೆಯಿದೆ ಎಂಬುದೇ ಇಲ್ಲಿನ ದೊಡ್ಡ ಸಮಾಧಾನ. ಇಂಗ್ಲೆಂಡಿನ ಜಾನ್ ವಾಲ್ಶ್ 1956ರಲ್ಲಿ ಬಳಕೆಗೆ ತಂದ ಪೆನಿಸಿಲಮಿನ್ ತಾಮ್ರವನ್ನು ಮೂತ್ರದ ಮೂಲಕ ಹೊರಗೆಳೆಯುತ್ತದೆ. ಸತುವಿನ ಔಷಧಿ ಕರುಳಿನಲ್ಲಿ ತಾಮ್ರ ಹೀರಲ್ಪಡದಂತೆ ತಡೆಯುತ್ತದೆ. ಜೀವನಪರ್ಯಂತ ಬಿಡದೆ ಸೇವಿಸಬೇಕು. ಬೇಗ ಆರಂಭಿಸಿದರೆ ಓದಿ, ದುಡಿದು, ಸಂಸಾರ ನಡೆಸಬಹುದು. ಇದು ತಂದೆತಾಯಿಗಳಿಬ್ಬರೂ ಮೌನವಾಗಿ ಹೊತ್ತಿರುವ ದೋಷದಿಂದ ಬರುವ ರೋಗವಾದ್ದರಿಂದ, ಒಂದು ಮಗುವಿನಲ್ಲಿ ಕಂಡರೆ ಅದರ ಪ್ರತಿಯೊಬ್ಬ ಒಡಹುಟ್ಟಿದವರಿಗೂ ನಾಲ್ಕರಲ್ಲೊಂದು ಪಾಲು ಸಂಭವವಿದೆ. ಚೆನ್ನಾಗಿಯೇ ಕಾಣುವ ಅಣ್ಣತಂಗಿಯರನ್ನೂ ಕೂಡಲೇ ಪರೀಕ್ಷೆಗೆ ಕರೆದೊಯ್ಯಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇದೆ. ಇಂತಹ ಮೌನದೋಷಗಳು ಇಬ್ಬರಲ್ಲಿಯೂ ಕೂಡಿಬರುವ ಸಂಭವ ಆಗ ಹೆಚ್ಚುತ್ತದೆ ಎಂಬುದನ್ನು ಹಿರಿಯರು ಮನಗಾಣಬೇಕು.

ಹೆಚ್ಚು ಚಿತ್ರ, ಹೆಚ್ಚು ಜ್ಞಾನವೇ?

ಇಷ್ಟೆಲ್ಲ ಉಪಯೋಗವಿದ್ದರೆ, ಆರೋಗ್ಯವಾಗಿರುವಾಗಲೇ ಒಮ್ಮೆ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿಬಿಡೋಣವೆಂಬ ಆಸೆ ಬರುವುದು ಸಹಜ. ಇದು ಅಷ್ಟು ಹಿತಕರವಲ್ಲ. ಹಿರಿಯ ವಯಸ್ಸಿನವರ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದರೆ ನೂರರಲ್ಲಿ ಕೆಲವರ ಅಡ್ರಿನಲ್ ಗ್ರಂಥಿಯಲ್ಲಿ ಸಣ್ಣ ಗಂಟು ಕಾಣುತ್ತದೆ. ಅದರಲ್ಲಿ ಬಹುಪಾಲು ನಿರುಪದ್ರವಿ. ಆದರೆ ಒಮ್ಮೆ ಕಂಡ ಮೇಲೆ ಮನಸ್ಸಿಗೆ ನೆಮ್ಮದಿಯಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ, ಖರ್ಚಿನ ಮೇಲೆ ಖರ್ಚು. ಜೊತೆಗೆ ವಿಕಿರಣದ ಮಾತೂ ಇದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನ ವಿಕಿರಣ ಎದೆಯ ಒಂದು ಎಕ್ಸ್‌ರೇಯ ವಿಕಿರಣಕ್ಕಿಂತ ಸುಮಾರು ನೂರು ಪಟ್ಟು ಇಲ್ಲವೇ ಅದಕ್ಕೂ ಹೆಚ್ಚು. ಅಗತ್ಯವಿದ್ದಾಗ ಅದರ ಲಾಭದ ಮುಂದೆ ಈ ಅಪಾಯ ಅಲ್ಪ. ಅಗತ್ಯವಿಲ್ಲದಾಗ, ವಿಶೇಷವಾಗಿ ಮಕ್ಕಳಿಗೆ, ಬೇಡದ ಹೊರೆ. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ. ಪರೀಕ್ಷೆಗಳಲ್ಲಿ ಈ ವಿಕಿರಣವಿಲ್ಲ.

ಮನೆಯವರು ನೆನಪಿಡಬೇಕಾದುದು

ಸ್ಕ್ಯಾನಿಗೆ ಹೋಗುವಾಗ ವೈದ್ಯರ ಚೀಟಿಯಲ್ಲಿ ರೋಗಿಯ ತೊಂದರೆಯೇನು, ಎಷ್ಟು ದಿನಗಳಿಂದ, ಯಾವ ರೋಗದ ಶಂಕೆ ಎಂಬುದನ್ನು ಬರೆಸಿಕೊಳ್ಳಿರಿ. ಚಿತ್ರವನ್ನು ಓದುವ ತಜ್ಞರು ರೋಗಿಯನ್ನು ನೋಡದಿರಬಹುದು. ಆ ಒಂದೆರಡು ಸಾಲುಗಳೇ ಅವರಿಗೆ ದಾರಿದೀಪ.

ಹಳೆಯ ಚಿತ್ರಗಳನ್ನು, ಅವು ಫಿಲ್ಮಿನಲ್ಲಿರಲಿ ಸಿ.ಡಿ.ಯಲ್ಲಿರಲಿ, ಎಸೆಯಬೇಡಿರಿ. ಎರಡು ವರ್ಷದ ಹಿಂದೆಯೂ ಅಷ್ಟೇ ಇದ್ದ ಗಂಟು ಮತ್ತು ಎರಡು ತಿಂಗಳಲ್ಲಿ ಇಮ್ಮಡಿಯಾದ ಗಂಟು, ಇವೆರಡರ ಅರ್ಥವೇ ಬೇರೆ. ಬಿಸಿಲಿಗೆ, ಒದ್ದೆಗೆ ತಾಗದಂತೆ, ದಿನಾಂಕದ ಅನುಕ್ರಮದಲ್ಲಿ ಇರಿಸಿರಿ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ, ದೇಹದಲ್ಲಿ ಲೋಹದ ಕ್ಲಿಪ್ಪು, ಕಣ್ಣಿನಲ್ಲಿ ಕಬ್ಬಿಣದ ಚೂರು ಇದ್ದರೆ ಎಂ.ಆರ್.ಐ.ಗೆ ಮುನ್ನ ತಪ್ಪದೆ ಹೇಳಬೇಕು. ಮೂತ್ರಪಿಂಡದ ತೊಂದರೆ, ಔಷಧಿಯ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ, ಇವನ್ನು ಯಾವ ಸ್ಕ್ಯಾನಿಗಾದರೂ ಮೊದಲೇ ತಿಳಿಸಬೇಕು.

ವರದಿಯನ್ನು ಮೊದಲು ರೋಗಿಯ ಮುಂದೆ ಬಾಯಿಗೆ ಬಂದಂತೆ ಓದಬೇಡಿರಿ. ವೈದ್ಯರನ್ನು ಈ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಏನೇನಾಗಿರಬಹುದು? ಅದನ್ನು ಖಚಿತಪಡಿಸಲು ಮುಂದಿನ ಪರೀಕ್ಷೆ ಯಾವುದು? ಅದಕ್ಕೆ ಎಷ್ಟು ದಿನ ಕಾಯಬಹುದು? ಸಂದೇಹ ಉಳಿದರೆ ಅದೇ ಚಿತ್ರಗಳನ್ನು ಮತ್ತೊಬ್ಬ ತಜ್ಞರಿಗೆ ತೋರಿಸುವುದು ಯಾರಿಗೂ ಮಾಡುವ ಅವಮಾನವಲ್ಲ.

ಇನ್ನು ಆ ಹನ್ನೆರಡು ವರ್ಷದ ಹುಡುಗ. ವೈದ್ಯರು ತಾಯಿಯ ಪ್ರಶ್ನೆಗೆ ನೇರವಾಗಿ ಉತ್ತರಿಸಲಿಲ್ಲ. ಮೊದಲು ಹುಡುಗನನ್ನು ನಡೆಸಿ ನೋಡಿದರು, ಕಣ್ಣಿನ ಹಿಂಪದರ ಪರೀಕ್ಷಿಸಿದರು, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂದು ವಿಚಾರಿಸಿದರು, ಎಂ.ಆರ್.ಐ. ಮಾಡಿಸಿ ಮಚ್ಚೆಯನ್ನು ಅಳೆದರು. ಬಳಿಕ, "ಅವ್ವಾ, ಇದು ಗಂತಿಯಂತೆ ತೋರುವುದಿಲ್ಲ, ಹುಳುವಿನ ಕೋಶ. ಫಿಟ್ಸಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಆರು ತಿಂಗಳಿಗೆ ಮತ್ತೊಮ್ಮೆ ಚಿತ್ರ ತೆಗೆದು ನೋಡೋಣ" ಎಂದರು. ಇಂತಹ ಮಕ್ಕಳಲ್ಲಿ ಅನೇಕರ ಎರಡನೆಯ ಚಿತ್ರದಲ್ಲಿ ಆ ಉಂಗುರವಿರುವುದಿಲ್ಲ. ಕೆಲವರಲ್ಲಿ ಸುಣ್ಣದ ಚುಕ್ಕೆಯೊಂದು ಗಾಯದ ಕಲೆಯಂತೆ ಉಳಿದಿರುತ್ತದೆ. ಎಲ್ಲ ಮನೆಗಳಿಗೂ ಈ ಭಾಗ್ಯ ದೊರೆಯುವುದಿಲ್ಲ. ಕೆಲವು ಗಂತಿಗಳು ನಿಜವಾಗಿಯೂ ಗಂತಿಗಳೇ. ಆದರೆ ಯಾವುದು ಯಾವುದೆಂದು ತಿಳಿಯುವ ಮೊದಲೇ ಮನೆಯ ದೀಪ ಆರಿಸಿ ಕೂರುವುದು ಬೇಡ. ಸಾಕ್ಷಿ ಹೇಳುವುದನ್ನು ಪೂರ್ತಿ ಕೇಳೋಣ, ಉಳಿದ ಸಾಕ್ಷಿಗಳೂ ಬರಲಿ, ತೀರ್ಪು ಆಮೇಲೆ.